ಗದ್ದೆಗೆ ಕಟ್ಟಿದ ಇಂಗ್ಲಿಷ್ ಹಾಡುಗಳು

"ಆಗಿನ ಕಾಲದಲ್ಲಿ" ಎಂದು ಯಾರಾದರೂ ಶುರುಮಾಡಿದರೆ ಸಾಕು, ಸುತ್ತ ಕೂತವರ ಮುಖವೆಲ್ಲ ಮೆತ್ತಗಾಗುತ್ತದೆ. ಟೇಪ್ ರೆಕಾರ್ಡರು, ಪೆನ್ಸಿಲ್ ತೂರಿಸಿ ತಿರುಗಿಸುತ್ತಿದ್ದ ಕ್ಯಾಸೆಟ್ಟು, ಬಸ್ ಸ್ಟ್ಯಾಂಡಿನ ಪಕ್ಕದ ರೆಕಾರ್ಡಿಂಗ್ ಅಂಗಡಿ, ಆಹಾ ಎಷ್ಟು ಚೆನ್ನಾಗಿತ್ತು ಅನ್ನುತ್ತಾರೆ. ನನಗೆ ಮೈ ಉರಿಯುತ್ತದೆ. ಚೆನ್ನಾಗಿದ್ದದ್ದು ನಿಜ. ಯಾರಿಗೆ ಚೆನ್ನಾಗಿತ್ತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಹೊಳೆನರಸೀಪುರದಲ್ಲಿ ದೇವಸ್ಥಾನದ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಅಪ್ಪ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಊರಿನ ಅರ್ಧ ಜನಕ್ಕೆ ಇಂಗ್ಲಿಷ್ ಪದ್ಯಗಳನ್ನು ಬಾಯಿಪಾಠ ಮಾಡಿಸಿ, ತಪ್ಪಿದರೆ ಬೆಂಚಿನ ಮೇಲೆ ನಿಲ್ಲಿಸಿದವರು ಅವರೇ. ನನಗೆ ಆಗ ಹನ್ನೊಂದು ವರ್ಷ. ಅಕ್ಕ ಶೈಲಜಾಗೆ ಇಪ್ಪತ್ತು. ಹಾಸನದ ಕಾಲೇಜಿನಲ್ಲಿ ಬಿಎಸ್ಸಿ ಕೊನೆಯ ವರ್ಷ ಓದುತ್ತಿದ್ದಳು. ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆ ಬಸ್ಸಿಗೆ ವಾಪಸು.

ಇಂಗ್ಲಿಷ್ ಹಾಡುಗಳು ನಮ್ಮ ಮನೆಗೆ ಬಂದದ್ದು ಆ ಸಂಜೆ ಬಸ್ಸಿನಲ್ಲೇ. ಹಾಸನದ ಅಂಗಡಿಯವನಿಗೆ ಖಾಲಿ ಕ್ಯಾಸೆಟ್ಟು ಕೊಟ್ಟು, ಬೇಕಾದ ಹಾಡುಗಳ ಚೀಟಿ ಬರೆದುಕೊಟ್ಟರೆ ಮೂರು ನಾಲ್ಕು ದಿನಕ್ಕೆ ತುಂಬಿಸಿ ಕೊಡುತ್ತಿದ್ದ. ಅಕ್ಕನಿಗೆ ಹಾಡುಗಳ ಹೆಸರು ಎಲ್ಲಿ ಗೊತ್ತು? "ಹಳೇ ಇಂಗ್ಲಿಷ್, ಚೆನ್ನಾಗಿರೋದು" ಎಂದು ಬರೆದುಕೊಟ್ಟಿದ್ದಳಂತೆ. ಆ ಪುಣ್ಯಾತ್ಮ ತನಗೆ ಇಷ್ಟವಾದದ್ದನ್ನೆಲ್ಲ ತುಂಬಿಸಿಕೊಟ್ಟ. ನಾನು ಹುಟ್ಟುವುದಕ್ಕೆ ಮೊದಲೇ ಲೋಕವೆಲ್ಲ ಕೇಳಿ ಮುಗಿಸಿದ್ದ ಹಾಡುಗಳು ನಮ್ಮ ನಡುಮನೆಗೆ ಹೊಚ್ಚ ಹೊಸದಾಗಿ ಬಂದು ಕೂತವು. ಹೀಗೆ ಒಂದೊಂದೇ ಕೂಡಿ ಹನ್ನೊಂದು ಕ್ಯಾಸೆಟ್ಟುಗಳಾದವು. ಅವನ್ನು ಒಂದು ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಇಟ್ಟಿದ್ದಳು. ಮುಚ್ಚಳ ತೆಗೆದರೆ ಪ್ಲಾಸ್ಟಿಕ್ಕಿನ ವಾಸನೆ, ಅದರೊಳಗೆ ಇನ್ನೂ ಹೋಗದ ಬಿಸ್ಕತ್ತಿನ ಸಿಹಿ ವಾಸನೆ.

ಹೆಸರು ಗೊತ್ತಿಲ್ಲದ್ದರಿಂದ ನಾವೇ ಹೆಸರಿಟ್ಟೆವು. ಒಂದು ಸಿಳ್ಳೆ ಹಾಡು. ಒಂದು ಚಪ್ಪಾಳೆ ಹಾಡು. ಗಿಟಾರು ತಟಪಟ ಎಂದು ಶುರುವಾಗಿ ಆಮೇಲೆ ಜೋರಾಗುವುದು ಮಳೆ ಹಾಡು. ಡ್ರಮ್ಮಿನ ಸದ್ದಿಗೆ ಪಕ್ಕದ ಮನೆಯ ನಾಯಿ ಬೊಗಳುತ್ತಿದ್ದುದರಿಂದ ಇನ್ನೊಂದಕ್ಕೆ ನಾಯಿ ಹಾಡು ಎಂದೇ ಹೆಸರು. ಅಪ್ಪ ಸ್ಕೂಲಿನಿಂದ ಬಂದು, ಕಾಫಿ ಕುಡಿದು, ಟ್ಯೂಶನ್ನಿಗೆ ಹೊರಟಮೇಲೆ ನಮ್ಮ ಕಛೇರಿ. ಅಕ್ಕ ಒಂದು ಸಾಲು ಕೇಳಿ ನಿಲ್ಲಿಸುವಳು, ಹಿಂದಕ್ಕೆ ಓಡಿಸುವಳು, ಮತ್ತೆ ಕೇಳುವಳು, ನೋಟ್‌ಬುಕ್ಕಿನಲ್ಲಿ ಬರೆಯುವಳು. ಒಂದು ಹಾಡು ಬರೆಯುವುದಕ್ಕೆ ವಾರ ಹಿಡಿಯುತ್ತಿತ್ತು. ಟೇಪಿನ ಬಟನ್ನು ಒತ್ತಿ ಒತ್ತಿ ಅದರ ಮೇಲಿನ ಬಾಣದ ಗುರುತೇ ಅಳಿಸಿಹೋಗಿತ್ತು. ಬರೆದದ್ದು ಪೂರ್ತಿಯಾದ ಮೇಲೆ ಕ್ಯಾಸೆಟ್ಟು ನಿಲ್ಲಿಸಿ ಅವಳೇ ಹಾಡುತ್ತಿದ್ದಳು. ನಾನು ಕೋಡುಬಳೆ ಮುರಿಯುತ್ತಾ ಕೂತು ಕೇಳುತ್ತಿದ್ದೆ. ಅಮ್ಮ ಚಪಾತಿ ಲಟ್ಟಿಸುತ್ತಾ ಒಳಗಿನಿಂದಲೇ ಕೂಗುತ್ತಿದ್ದಳು.

"ಶೈಲೂ, ಆ ಸಿಳ್ಳೇದು ಹಾಕೇ."

ಹೌದು, ಅಮ್ಮನಿಗೂ ಇಷ್ಟವಿತ್ತು. ಇದನ್ನೂ ನೆನಪಿಟ್ಟುಕೊಳ್ಳಿ.

ಅಕ್ಕನ ದನಿಯ ಬಗ್ಗೆ ಏನು ಹೇಳಲಿ. ನನಗೆ ಸಂಗೀತ ಗೊತ್ತಿಲ್ಲ. ಮಳೆ ಹಾಡಿನ ಮೂರನೇ ಸಾಲಿನಲ್ಲಿ ದನಿ ಮೇಲಕ್ಕೆ ಹೋಗಬೇಕು. ಕ್ಯಾಸೆಟ್ಟಿನ ಗಂಡಸು ಅಲ್ಲಿ ಸ್ವಲ್ಪ ತಿಣುಕುತ್ತಿದ್ದ, ಅಕ್ಕ ತಿಣುಕುತ್ತಿರಲಿಲ್ಲ. ಕಾಲೇಜಿನಲ್ಲಿ ಅವಳ ಗೆಳತಿಯರು ಹಿಡಿದು ಹಾಡಿಸಿದ್ದನ್ನು ಲೆಕ್ಚರರ್ ಒಬ್ಬರು ಕೇಳಿ, ಡಿಸೆಂಬರಿನ ಕಾಲೇಜ್ ಡೇಗೆ ಇವಳ ಹೆಸರು ಬರೆದುಕೊಂಡರು. ಗಿಟಾರು ಬಾರಿಸುವ ಹುಡುಗ ಒಬ್ಬ ಸಿಕ್ಕಿದ್ದ. ಅಷ್ಟು ದೊಡ್ಡ ಹಾಲ್‌ನಲ್ಲಿ, ಮೈಕಿನ ಮುಂದೆ, ಮಳೆ ಹಾಡು. ಆ ಎರಡು ತಿಂಗಳು ಅಕ್ಕ ನೆಲದ ಮೇಲೆ ನಡೆದದ್ದನ್ನು ನಾನು ನೋಡಲಿಲ್ಲ. ನೀರು ಸೇದುವಾಗ ಹಾಡು, ಹೂವು ಕಟ್ಟುವಾಗ ಹಾಡು. "ಮೈಕಿನ ಮುಂದೆ ಕೈ ಎಲ್ಲಿಟ್ಕೋಬೇಕು ಪುಟ್ಟಿ?" ಎಂದು ನನ್ನನ್ನು ಕೇಳುತ್ತಿದ್ದಳು. ನಾನೇನು ದೊಡ್ಡ ಗಾಯಕಿಯೋ!

ಇದರ ನಡುವೆಯೇ ಹೆಣ್ಣು ನೋಡುವ ಶಾಸ್ತ್ರಗಳು ನಡೆಯುತ್ತಿದ್ದವು. ಅರಕಲಗೂಡಿನವರು ಬಂದು ಹೋದರು, ಹಾಸನದವರು ಎರಡು ಸಲ ಬಂದು ಹೋದರು. ಎಲ್ಲ ಕಡೆಯೂ ಅದೇ ಪಾಠ. ಅಕ್ಕ ಸೀರೆ ಉಟ್ಟು ಕಾಫಿ ತರಬೇಕು, ನಮಸ್ಕಾರ ಮಾಡಬೇಕು, ಚಾಪೆಯ ಮೇಲೆ ಕೂರಬೇಕು. ಬಂದವರಲ್ಲಿ ಹಿರಿಯರೊಬ್ಬರು "ಒಂದು ಹಾಡು ಹೇಳಮ್ಮ" ಅನ್ನಬೇಕು. ಅಕ್ಕ ಒಂದು ದೇವರನಾಮ ಹೇಳಬೇಕು. ಅವರು ಉಪ್ಪಿಟ್ಟು ಅಗಿಯುತ್ತಾ ತಲೆದೂಗಬೇಕು. ಹುಡುಗಿಗೆ ಬಾಯಿ ಇದೆಯೋ ಇಲ್ಲವೋ, ತೊದಲುತ್ತಾಳೋ ಏನೋ ಎಂದು ನೋಡುವುದಕ್ಕೆ ಇದೊಂದು ಉಪಾಯ ಅಷ್ಟೆ. ಹಾಡು ಯಾರಿಗೂ ಬೇಕಾಗಿರಲಿಲ್ಲ.

ನವೆಂಬರಿನ ಒಂದು ಭಾನುವಾರ ಚನ್ನರಾಯಪಟ್ಟಣದವರು ಬಂದರು. ಹುಡುಗ, ಅವನ ತಾಯಿ, ತಂದೆ, ಭಾವ. ಹುಡುಗನಿಗೆ ಬ್ಯಾಂಕಿನಲ್ಲಿ ಕೆಲಸ. ಅಪ್ಪನಿಗೆ ಈ ಸಂಬಂಧದ ಮೇಲೆ ಬಹಳ ಆಸೆ. ಉಪ್ಪಿಟ್ಟಿನ ಜೊತೆಗೆ ಕೇಸರಿಭಾತೂ ಆಗಿತ್ತು, ದ್ರಾಕ್ಷಿ ಗೋಡಂಬಿ ಎಂದೂ ಇಲ್ಲದಷ್ಟು ಬಿದ್ದಿತ್ತು. ಅಕ್ಕ ಮಾಮೂಲಿನ ದೇವರನಾಮ ಹೇಳಿದಳು. ಹುಡುಗನ ತಾಯಿ ತಟ್ಟೆ ಕೆಳಗಿಟ್ಟು ನಕ್ಕರು.

"ತುಂಬಾ ಚೆನ್ನಾಗಿ ಹೇಳ್ತೀಯಮ್ಮ. ದೇವರನಾಮ ಹೋದ ಕಡೆಯೆಲ್ಲ ಹೇಳ್ತಾರೆ. ನಿನಗೆ ಇಷ್ಟವಾದದ್ದು ಇನ್ನೊಂದು ಹೇಳು ನೋಡೋಣ. ಸಂಕೋಚ ಬೇಡ."

ನಮ್ಮಂಥ ಮನೆಯ ಹುಡುಗಿಯರು ಮಾಡಬಾರದ ತಪ್ಪು ಒಂದೇ. ದೊಡ್ಡವರು "ನಿನಗೆ ಇಷ್ಟವಾದದ್ದು" ಅಂದಾಗ ಅದನ್ನು ನಿಜವೆಂದು ನಂಬುವುದು. ಅಕ್ಕ ನಂಬಿದಳು. ಒಂದು ಸಲ ಅಮ್ಮನ ಕಡೆ ನೋಡಿದಳು, ಕಣ್ಣು ಮುಚ್ಚಿಕೊಂಡಳು, ಮಳೆ ಹಾಡು ಶುರುಮಾಡಿದಳು.

ನಾನು ಅಡುಗೆಮನೆಯ ಬಾಗಿಲ ಸಂದಿಯಲ್ಲಿದ್ದೆ. ಅಕ್ಕ ಅಷ್ಟು ಚೆನ್ನಾಗಿ ಹಾಡಿದ್ದನ್ನು ಅದಕ್ಕೆ ಮೊದಲು ಕೇಳಿರಲಿಲ್ಲ. ಮೊದಲ ಚರಣಕ್ಕೆ ಹುಡುಗನ ಕಾಲ ಹೆಬ್ಬೆರಳು ತಾಳ ಹಾಕತೊಡಗಿತು. ಎರಡನೆಯದಕ್ಕೆ ಅವನ ತಾಯಿ ಅವನ ಕಡೆ ನೋಡಿದರು, ಹೆಬ್ಬೆರಳು ನಿಂತಿತು. ಅಕ್ಕನಿಗೆ ಇದ್ಯಾವುದೂ ಕಾಣಲಿಲ್ಲ. ಕಣ್ಣು ಮುಚ್ಚಿಕೊಂಡೇ ಕೊನೆಯವರೆಗೂ, ಒಂದು ಸಾಲೂ ಬಿಡದೆ ಹಾಡಿ ಕಣ್ಣು ತೆರೆದಳು.

"ಪರವಾಗಿಲ್ಲವೇ" ಎಂದು ಭಾವ ಎನಿಸಿಕೊಂಡವನು ಹಲ್ಲು ಕಿರಿದ. "ಮೇಷ್ಟ್ರು ಮಗಳಿಗೆ ಇಂಗ್ಲಿಷ್ ಚೆನ್ನಾಗೇ ಕಲಿಸಿದ್ದಾರೆ."

ಹುಡುಗನ ತಾಯಿ ಸೆರಗು ಸರಿಮಾಡಿಕೊಂಡು ಎದ್ದರು. "ಬರ್ತೀವಿ. ಬಸ್ಸಿಗೆ ಹೊತ್ತಾಯ್ತು."

ನಾಲ್ಕು ದಿನದ ಮೇಲೆ ಮಧ್ಯಸ್ಥರ ಕಡೆಯಿಂದ ಮಾತು ಬಂತು. ಹುಡುಗಿ ಸ್ವಲ್ಪ ಫಾರ್ವರ್ಡ್ ಅಂತೆ. ಆ ಒಂದು ಪದ ಸಾಕಾಗಿತ್ತು. ಅಪ್ಪ ಕೂಗಾಡಲಿಲ್ಲ, ಕೈ ಎತ್ತಲಿಲ್ಲ. ಎತ್ತಿದವರೇ ಅಲ್ಲ. ನಮ್ಮ ಬೀದಿಯಲ್ಲಿ ಅವರಷ್ಟು ಒಳ್ಳೆಯ ಅಪ್ಪ ಇಲ್ಲವೆಂದು ಹೆಸರು. ಆ ಒಳ್ಳೆಯತನ ನೆನೆದರೇ ನನಗೆ ಇವತ್ತೂ ಹಲ್ಲು ಕಡಿಯುವಂತಾಗುತ್ತದೆ. ಹೊಡೆದಿದ್ದರೆ ಅಕ್ಕ ಅಳುತ್ತಿದ್ದಳು, ಅಮ್ಮ ಅಡ್ಡ ಬರುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು.

ಆ ಶನಿವಾರ ನನಗೂ ಅಪ್ಪನಿಗೂ ಅರ್ಧ ದಿನ ಸ್ಕೂಲು. ಅಕ್ಕ ಹಾಸನಕ್ಕೆ ಹೋಗಿದ್ದಳು. ಊಟ ಮುಗಿಸಿ ಅಪ್ಪ ನನ್ನನ್ನು ಕರೆದರು.

"ಪುಟ್ಟಿ, ನಿಮ್ಮಕ್ಕ ಕ್ಯಾಸೆಟ್ಟೆಲ್ಲಾ ಎಲ್ಲಿಡ್ತಾಳೆ?"

ನಾನು ಓಡಿಹೋಗಿ ಡಬ್ಬವನ್ನೇ ತಂದುಕೊಟ್ಟೆ.

"ಜಾಣೆ," ಅಂದರು ಅಪ್ಪ. ಸೈಕಲ್ಲಿನ ಹಿಂದೆ ನನ್ನನ್ನು ಕೂರಿಸಿಕೊಂಡರು. ಡಬ್ಬ ನನ್ನ ತೊಡೆಯ ಮೇಲೆ.

ಹಾಸನದ ರಸ್ತೆಯಲ್ಲಿ, ನಾಲೆ ದಾಟಿದ ಮೇಲೆ, ಜವರೇಗೌಡರ ಗದ್ದೆ. ನಮ್ಮ ಮನೆಗೆ ವರ್ಷದ ಅಕ್ಕಿ ಅಲ್ಲಿಂದಲೇ ಬರುತ್ತಿತ್ತು. ಭತ್ತದ ಕಾಳಿಗೆ ಹಾಲು ತುಂಬಿತ್ತು, ಗುಬ್ಬಿಗಳು ಹಿಂಡು ಹಿಂಡಾಗಿ ಬಿದ್ದು ತೆನೆ ಹೀರುತ್ತಿದ್ದವು. ಕ್ಯಾಸೆಟ್ಟಿನ ಒಳಗಿನ ರೀಲನ್ನು ಎಳೆದು ಗೂಟದಿಂದ ಗೂಟಕ್ಕೆ ಬಿಗಿದರೆ ಗಾಳಿಗೆ ಗುಂಯ್ ಎಂದು ಸದ್ದು ಮಾಡುತ್ತದೆ, ಬಿಸಿಲಿಗೆ ಹೊಳೆಯುತ್ತದೆ, ಗುಬ್ಬಿ ಹತ್ತಿರ ಬರುವುದಿಲ್ಲ. ಆ ಕಡೆಯವರೆಲ್ಲ ಆಗ ಕಲಿತುಕೊಂಡಿದ್ದ ಉಪಾಯ ಅದು. ಕೆಟ್ಟ ಕ್ಯಾಸೆಟ್ಟು ಇದ್ದರೆ ಕೊಡಿ ಎಂದು ಗೌಡರು ಹಿಂದೊಮ್ಮೆ ಅಪ್ಪನನ್ನು ಕೇಳಿದ್ದರು.

ಡಬ್ಬದ ಮುಚ್ಚಳ ತೆಗೆದು ನೋಡಿ ಗೌಡರು ಹಿಂದೆಮುಂದೆ ನೋಡಿದರು.

"ಇವು ಒಸಾವು ಇದ್ದಂಗವೆ ಕಣ್ ಮೇಷ್ಟ್ರೆ. ಕೆಟ್ಟೋಗಿದ್ರೆ ಕೊಡಿ ಅಂದಿದ್ದೆ ನಾನು. ಇಂತಾವ ಯಾಕ್ ಆಳ್ಮಾಡೀರಿ? ಮಕ್ಕಳು ಕೇಳ್ಕತ್ತವೆ, ತಕ್ಕೊಂಡೋಗಿ."

"ನಮಗೆ ಬೇಡ ಗೌಡ್ರೆ. ಕಟ್ಟಿ."

"ಅಲ್ಲಾ, ದೊಡ್ಡವ್ವಾರು ಬೈಯಾಕಿಲ್ವಾ?"

ದೊಡ್ಡವ್ವ ಅಂದರೆ ಅಕ್ಕ. ಓದು ಬರಹ ಬಾರದ ಆ ಮನುಷ್ಯನಿಗೆ ಅವಳನ್ನು ಒಂದು ಮಾತು ಕೇಳಬೇಕು ಅನ್ನಿಸಿತು. ಇಂಗ್ಲಿಷ್ ಮೇಷ್ಟ್ರಿಗೆ ಅನ್ನಿಸಲಿಲ್ಲ. ಅಪ್ಪ ಮೊದಲನೇ ಕ್ಯಾಸೆಟ್ಟನ್ನು ಕಲ್ಲಿಗೆ ಕುಟ್ಟಿ ಬಿಚ್ಚಿ, ರೀಲಿನ ತುದಿಯನ್ನು ನನ್ನ ಕೈಗೆ ಕೊಟ್ಟರು.

"ಅಂಗಾರೆ ಆಯ್ತು ಬುಡಿ," ಎಂದರು ಗೌಡರು. "ಅವ್ವಾ, ಇಡ್ಕೊಂಡು ಆ ಗೂಟುದ್ ತಾವ್ಕೆ ಓಡು. ಮೆಲ್ಲುಕ್ ಎಳಿ, ಕಿತ್ತೋಯ್ತದೆ."

ನಾನು ಓಡಿದೆ. ಸುಳ್ಳು ಬರೆಯಲಾರೆ. ನನಗೆ ಖುಷಿಯಾಗಿತ್ತು. ಬದುವಿನ ಮೇಲೆ ಓಡಿದಷ್ಟೂ ಹಿಂದೆ ಕಂದು ಬಣ್ಣದ ರೀಲು ಸರಸರ ಬಿಚ್ಚಿಕೊಳ್ಳುತ್ತಿತ್ತು, ಮುಗಿಯುವುದೇ ಇಲ್ಲವೇನೋ ಎನ್ನುವಷ್ಟು ಉದ್ದ. ಒಂದು ಮುಗಿದರೆ ಇನ್ನೊಂದು. ಕಾಲಿಗೆ ಕೆಸರು, ಮೂಗಿಗೆ ಹಸಿ ಭತ್ತದ ವಾಸನೆ. ಗೌಡರು ಕಬ್ಬು ಮುರಿದುಕೊಟ್ಟರು, ಅದನ್ನು ಕಡಿಯುತ್ತಲೇ ಓಡಿದೆ. ಹನ್ನೊಂದೂ ಮುಗಿಯುವ ಹೊತ್ತಿಗೆ ಇಡೀ ಗದ್ದೆ ಗುಂಯ್‌ಗುಡುತ್ತಿತ್ತು. ಸಿಳ್ಳೆ ಹಾಡು ಯಾವುದು, ಚಪ್ಪಾಳೆ ಹಾಡು ಯಾವುದು ಎಂದು ಕಿವಿಗೊಟ್ಟು ನೋಡಿದೆ. ಎಲ್ಲಾ ಒಂದೇ ಸದ್ದು.

ಸಂಜೆ ಅಕ್ಕ ಬಂದಳು. ನಾನು ಬಾಗಿಲಿಗೇ ಓಡಿ ಹೇಳಿದೆ, "ಅಕ್ಕ, ಗದ್ದೇಲಿ ಒಂದು ಗುಬ್ಬೀನೂ ಬರಲ್ಲ ಗೊತ್ತಾ ಈಗ! ನಿನ್ನ ಕ್ಯಾಸೆಟ್ಟೆಲ್ಲಾ ಕಟ್ಟಿದ್ವಿ. ನಾನೇ ಎಳೆದದ್ದು."

ಅಕ್ಕ ಒಳಗೆ ಹೋಗಿ ಡಬ್ಬ ಇಡುತ್ತಿದ್ದ ಗೋಡೆಯ ಗೂಡಿನಲ್ಲಿ ಕೈಯಾಡಿಸಿದಳು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅಮ್ಮ ಸಾರು ಕುದಿಸುತ್ತಿದ್ದಳು. ತಿರುಗಿ ನೋಡಲಿಲ್ಲ.

"ಹೋಗ್ಲಿ ಬಿಡೇ," ಅಂದಳು ಅಮ್ಮ. "ಹಾಡು ತಾನೆ."

ಕಾಲೇಜ್ ಡೇಗೆ ಇನ್ನು ಹದಿನೈದು ದಿನವಿತ್ತು. ಅಕ್ಕ ಅಪ್ಪನ ಹತ್ತಿರ ಒಂದೇ ಒಂದು ಸಲ ಮಾತಾಡಿದಳು. ಅಪ್ಪ ಪೇಪರ್ ತಿದ್ದುತ್ತಿದ್ದರು.

"ಹೆಸರು ಕೊಟ್ಟಾಗಿದೆ ಅಪ್ಪ. ಕ್ಯಾಸೆಟ್ಟು ಇಲ್ಲದಿದ್ರೂ ಪರವಾಗಿಲ್ಲ, ನನಗೆ ಬಾಯಿಗೆ ಬರುತ್ತೆ. ಒಂದೇ ಹಾಡು."

ಅಪ್ಪ ಕೆಂಪು ಪೆನ್ನಿನ ಕ್ಯಾಪು ಹಾಕಿದರು. "ಏಪ್ರಿಲ್‌ನಲ್ಲಿ ಪರೀಕ್ಷೆ ಬರೀಬೇಕು ಅಂತ ಇದ್ಯೋ ಇಲ್ವೋ, ನೀನೇ ಯೋಚನೆ ಮಾಡು."

ಅಷ್ಟೆ. ಅವರು ಜೋರಾಗಿ ಹೇಳಲೂ ಇಲ್ಲ. ಕಾಲೇಜ್ ಡೇ ದಿನ ಅಕ್ಕ ಮನೆಯಲ್ಲೇ ಇದ್ದಳು. ಹಿತ್ತಲಿನ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸಿದಳು. ಕಲ್ಲೇ ಇಲ್ಲದ ಅಕ್ಕಿಯನ್ನು ಮಧ್ಯಾಹ್ನದವರೆಗೂ ಆರಿಸಿದಳು. ನಾನು ಪಕ್ಕದಲ್ಲಿ ಕೂತು, "ನಾಯಿ ಹಾಡು ಹೇಳಕ್ಕ" ಅಂದೆ. "ಹೋಗಿ ಕುಂಟಾಬಿಲ್ಲೆ ಆಡ್ಕೋ ಹೋಗು" ಅಂದಳು.

ಎರಡು ವರ್ಷಕ್ಕೆ ಮದುವೆಯಾಯಿತು. ಹುಡುಗ ಹಾಸನದವನೇ, ಒಳ್ಳೆಯವನೇ. ನೋಡಲು ಬಂದಾಗ ಅವನ ಕಡೆಯವರು ಒಂದು ಹಾಡು ಕೇಳಿದರು, ಅಕ್ಕ ಒಂದು ದೇವರನಾಮ ಹೇಳಿ ಎದ್ದುಹೋದಳು. ಅದೇ ಕೊನೆ. ಆಮೇಲೆ ಗೌರಿ ಹಬ್ಬಕ್ಕೂ ಬಾಯಿ ಬಿಡಲಿಲ್ಲ. ಕೇಳಿದವರಿಗೆ ಗಂಟಲು ಸರಿಯಿಲ್ಲ ಅನ್ನುತ್ತಿದ್ದಳು. ಗಂಟಲಿಗೆ ಏನೂ ಆಗಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನೂ ಹತ್ತು ಜನರ ಹಾಗೆ, ಆಗ ಎಲ್ಲರ ಮನೆಯಲ್ಲೂ ಹಾಗೇ ಇತ್ತು ಎಂದು ಸುಮ್ಮನಾಗುತ್ತಿದ್ದೆನೋ ಏನೋ. ಸುಮ್ಮನಾಗಲು ಬಿಡದೆ ಹೋದದ್ದು ಹದಿನೈದು ವರ್ಷದ ಮೇಲೆ ನಡೆದ ಇನ್ನೊಂದು ಸಂಗತಿ.

ಅಕ್ಕನ ಮಗಳು ಅನಘಾ ಹಾಸನದಲ್ಲಿ ಇಂಗ್ಲಿಷ್ ಮೀಡಿಯಂ ಸ್ಕೂಲಿನಲ್ಲಿ ಓದುತ್ತಿದ್ದಳು. ಸ್ಕೂಲ್ ಡೇಗೆ ನಾವೆಲ್ಲ ಹೋಗಿದ್ದೆವು. ಅಪ್ಪ ರಿಟೈರಾಗಿದ್ದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೊದಲನೇ ಸಾಲಿನಲ್ಲಿ ಕೂತಿದ್ದರು. ಅನಘಾ ಮೈಕಿನ ಮುಂದೆ ಬಂದು ಹಳೆಯ ಇಂಗ್ಲಿಷ್ ಹಾಡೊಂದನ್ನು ಹಾಡಿದಳು. ನಾಲ್ಕು ಸ್ವರ ಬೀಳುತ್ತಲೇ ಗುರುತು ಹಿಡಿದೆ. ಅದು ನಮ್ಮ ಚಪ್ಪಾಳೆ ಹಾಡು. ಅಕ್ಕನ ಕಡೆ ನೋಡಿದೆ. ಅವಳು ಮಡಿಲಲ್ಲಿದ್ದ ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಿದ್ದಳು. ಅಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದವರ ಕಡೆ ಬಾಗಿ, ನನಗೂ ಕೇಳುವ ಹಾಗೆ ಹೇಳಿದರು.

"ನನ್ನ ಮೊಮ್ಮಗಳು. ನಮ್ಮ ವಂಶದಲ್ಲೇ ಸಂಗೀತ ಇದೆ. ನಮ್ಮ ತಾತ ಭಜನೆ ಹೇಳ್ತಾ ಇದ್ರೆ ಬೀದಿಯೇ ನಿಲ್ತಿತ್ತು."

ನನಗೆ ತಡೆಯಲಾಗಲಿಲ್ಲ. "ಅಕ್ಕ ಹಾಡ್ತಿದ್ದದ್ದು ನೆನಪಿಲ್ವಾ ಅಪ್ಪ?"

"ಯಾಕಿಲ್ಲ? ದೇವರನಾಮ ಚೆನ್ನಾಗಿ ಹೇಳ್ತಿದ್ಲು."

"ಅವಳ ಕ್ಯಾಸೆಟ್ಟು?"

ಅಪ್ಪ ನನ್ನ ಮುಖ ನೋಡಿದರು. ಅವರ ಕಣ್ಣಲ್ಲಿ ಕಪಟ ಇರಲಿಲ್ಲ. "ಯಾವ ಕ್ಯಾಸೆಟ್ಟು?"

ನಿಜವಾಗಿಯೂ ಮರೆತುಬಿಟ್ಟಿದ್ದರು. ಇಪ್ಪತ್ತು ವರ್ಷದ ಹುಡುಗಿಯೊಬ್ಬಳ ಬಾಯಿ ಮುಚ್ಚಿಸುವುದು ಅವರಿಗೆ ನೆನಪಿಟ್ಟುಕೊಳ್ಳುವಷ್ಟು ದೊಡ್ಡ ಕೆಲಸವೇ ಆಗಿರಲಿಲ್ಲ. ನಾನು ಅಲ್ಲೇ ಕಿರುಚಿಬಿಡುತ್ತಿದ್ದೆ. ಅಕ್ಕ ನನ್ನ ಮೊಣಕೈ ಹಿಡಿದು ಹೊರಗೆ ಎಳೆದುಕೊಂಡು ಬಂದಳು.

"ನಿನಗೆ ಸಿಟ್ಟೇ ಬರಲ್ವೇನೇ?" ಎಂದು ಮೆಟ್ಟಿಲ ಮೇಲೆ ನಿಂತು ಕೂಗಿದೆ.

"ಮೆಲ್ಲಗೆ ಮಾತಾಡೇ. ಮಕ್ಕಳಿದ್ದಾರೆ." ಅಕ್ಕ ನನ್ನ ಮೊಣಕೈ ಬಿಟ್ಟಳು. "ಆ ಗದ್ದೆ ಬಸ್ಸಿನ ಎಡಗಡೆ ಬರ್ತಿತ್ತು, ಹೋಗೋವಾಗ. ಕುಯ್ಲು ಆಗೋವರೆಗೂ ನಾನು ಆ ಕಡೆ ಕೂರ್ಲಿಲ್ಲ. ಸೀಟಿದ್ರೂ ನಿಂತ್ಕೊಂಡೇ ಹೋಗಿದ್ದೀನಿ. ಆದ್ರೂ ಕಾಣ್ಸೋದು ಕಣೆ, ಅಷ್ಟು ಹೊಳೆಯೋದು."

ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. "ನೀನು ಚಿಕ್ಕವಳು ಬಿಡು" ಎಂದು ಅವಳೇ ಮುಗಿಸಿಬಿಟ್ಟಳು. ಕ್ಷಮಿಸುವುದರಲ್ಲೂ ನಮ್ಮ ಹೆಣ್ಣುಮಕ್ಕಳಿಗೆ ಎಷ್ಟು ಅವಸರ.

ಅಪ್ಪ ಈಗಿಲ್ಲ. ಸತ್ತವರ ಮೇಲೆ ಇಷ್ಟು ಸಿಟ್ಟು ಒಳ್ಳೆಯದಲ್ಲವಂತೆ. ಇರಲಿ, ನನಗೆ ಬೇಕು ಅದು. ನಾನೂ ಬಿಟ್ಟುಬಿಟ್ಟರೆ ಆ ಗದ್ದೆಯ ವಿಷಯ ನೆನಪಿಟ್ಟುಕೊಳ್ಳುವವರು ಯಾರೂ ಉಳಿಯುವುದಿಲ್ಲ. ಹನ್ನೊಂದು ಕ್ಯಾಸೆಟ್ಟಿನ ಹಾಡುಗಳನ್ನೂ ಒಂದೊಂದಾಗಿ ಹುಡುಕಿದ್ದೇನೆ. ಅವುಗಳ ನಿಜವಾದ ಹೆಸರು ಈಗ ಗೊತ್ತು, ಹಾಡಿದವರ ಮುಖ ಗೊತ್ತು, ಬೇಕೆಂದಾಗ ಫೋನಿನಲ್ಲಿ ಕೇಳುತ್ತೇನೆ. ಒಂದೂ ಕಳೆದುಹೋಗಿಲ್ಲ. ಕಳೆದುಹೋದದ್ದು ಕೇಳಬೇಕೆಂದರೆ ಯಾವ ಫೋನಿನಲ್ಲೂ ಸಿಗುವುದಿಲ್ಲ. ಮಳೆ ಹಾಡಿನ ಆ ಮೂರನೇ ಸಾಲು ಬಂದಾಗಲೆಲ್ಲ ಆ ಗಂಡಸು ಇವತ್ತಿಗೂ ತಿಣುಕುತ್ತಾನೆ, ನಾನು ಆರಿಸಿಬಿಡುತ್ತೇನೆ.

ಹೋದ ತಿಂಗಳು ಅನಘಾ ಮನೆಗೆ ಬಂದಿದ್ದಳು. ನನ್ನ ಫೋನಿನಲ್ಲಿ ಮಳೆ ಹಾಡು ಕೇಳಿ, ಎಷ್ಟು ಚೆನ್ನಾಗಿದೆ ಅಂದಳು. ನಿಮ್ಮಮ್ಮ ಇದನ್ನು ಇವನಿಗಿಂತ ಚೆನ್ನಾಗಿ ಹಾಡ್ತಿದ್ಲು ಕಣೇ ಅಂದೆ. ಅವಳು ಕಾಫಿ ಲೋಟ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಮ್ಮಮ್ಮ? ಹಾಡೋದಾ? ಸುಮ್ನಿರಿ ಚಿಕ್ಕಮ್ಮ."